ಸಿಂಗೋನಿಯಂ: 40 ರೂಪಾಯಿಯ ನೆರಳಿನ ಗಿಡ, ಆರು ವರ್ಷದ ಮೇಲೆ

2019ರ ಜೂನ್‌ನಲ್ಲಿ ಸಾಗರ ಪೇಟೆಯ ಒಂದು ನರ್ಸರಿಯಿಂದ 40 ರೂಪಾಯಿ ಕೊಟ್ಟು ಸಿಂಗೋನಿಯಂ ಗಿಡ ತಂದೆ. ಕಪ್ಪು ಪ್ಲಾಸ್ಟಿಕ್ ತೊಟ್ಟೆ, ಅದರಲ್ಲಿ ಐದಾರು ಎಲೆ. ಈಗ ಈ ಗಿಡ ಎಲ್ಲಾ ಕಡೆ ಸಿಗುತ್ತದೆ. ಆನ್‌ಲೈನ್‌ನಲ್ಲೂ ಇದೆ, ಸಂತೆಯಲ್ಲೂ ಇದೆ. ತಂದು ಒಂದು ತಿಂಗಳಿಗೇ ಐದು ಸ್ಟಾರ್ ಕೊಡುವವರೇ ಜಾಸ್ತಿ. ಮೊದಲ ತಿಂಗಳಲ್ಲಿ ನಾನೂ ಐದೇ ಕೊಡುತ್ತಿದ್ದೆ. ಆರು ವರ್ಷ ಸಾಕಿದ ಮೇಲೆ ಏನನ್ನಿಸಿತು ಅಂತ ಯಾರೂ ಬರೆದಿದ್ದು ಕಾಣಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹಿತ್ತಲಲ್ಲಿ ಬಾವಿಕಟ್ಟೆಯ ಪಕ್ಕ ದೊಡ್ಡ ಹಲಸಿನ ಮರ ಇದೆ. ಅದರ ಬುಡಕ್ಕೆ ಬೆಳಿಗ್ಗೆ ಒಂದು ಗಂಟೆ ಬಿಸಿಲು ಬಿದ್ದರೆ ಹೆಚ್ಚು. ಅಲ್ಲಿ ದಾಸವಾಳ ಇಟ್ಟೆ, ಹೂ ಬಿಡಲಿಲ್ಲ. ಸೇವಂತಿಗೆ ಕೊಳೆಯಿತು. ಕ್ರೋಟನ್ ಬದುಕಿತು, ಆದರೆ ಬಣ್ಣ ಹೋಗಿ ಬರೀ ಹಸಿರಾಯಿತು. ಅಡುಗೆಮನೆ ಕಿಟಕಿಯಿಂದ ದಿನಾ ಕಾಣುವ ಜಾಗ ಅದು. ನರ್ಸರಿಯವರಿಗೆ ಹೇಳಿದೆ. "ನೆರಳಿಗೆ ಇದಕ್ಕಿಂತ ಒಳ್ಳೆ ಗಿಡ ಇಲ್ಲ ಅಕ್ಕಾ. ನೀರು ಹಾಕೋದು ಮರೆತ್ರೂ ಸಾಯಲ್ಲ" ಅಂದರು. ಅವರು ಹೇಳಿದ ಎರಡೂ ಮಾತು ನಿಜ.

ಮೊದಲು ಗಿಡದ ಚಂದದ ಬಗ್ಗೆ ಹೇಳಬೇಕು, ಏಕೆಂದರೆ ಅದು ನಿಜಕ್ಕೂ ಚಂದ. ಎಲೆ ಬಾಣದ ತುದಿಯ ಹಾಗಿರುತ್ತದೆ. ನನ್ನದು ತಿಳಿ ಹಸಿರು, ನರಗಳ ಗುಂಟ ಇನ್ನೂ ಬಿಳಿಚು, ಅಂಚು ಮಾತ್ರ ಗಾಢ. ಹೊಸ ಎಲೆ ಹಳೇ ಎಲೆಯ ದಂಟಿನ ಸೀಳಿನಿಂದ ಊದಿನಕಡ್ಡಿಯಷ್ಟು ಸಪೂರಕ್ಕೆ ಸುರುಳಿಯಾಗಿ ಹೊರಗೆ ಬರುತ್ತದೆ. ಎರಡು ಮೂರು ದಿನದಲ್ಲಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ದಿನ ಮುಟ್ಟಿ ನೋಡಿದರೆ ಒದ್ದೆ ರೇಷ್ಮೆ ಬಟ್ಟೆಯ ಹಾಗೆ ಮೆತ್ತಗೆ, ತಣ್ಣಗೆ ಇರುತ್ತದೆ. ಮಳೆಗಾಲದ ಮಬ್ಬು ಬೆಳಕಿನಲ್ಲಿ ಆ ಮೂಲೆ ಬೆಳಗಿದ ಹಾಗೆ ಕಾಣುತ್ತಿತ್ತು. ಎರಡು ವರ್ಷ ನನಗೆ ಇದರಿಂದ ಸಂತೋಷ ಬಿಟ್ಟು ಬೇರೇನೂ ಸಿಗಲಿಲ್ಲ. ಹುಳ ಇಲ್ಲ, ರೋಗ ಇಲ್ಲ, ಗೊಬ್ಬರ ಕೇಳಲಿಲ್ಲ.

ನಾನು ಮಾಡಿದ ತಪ್ಪು ಅದನ್ನು ತೊಟ್ಟೆ ಹರಿದು ನೆಲಕ್ಕೆ ನೆಟ್ಟಿದ್ದು.

ಸಿಂಗೋನಿಯಂ ನಮ್ಮ ಕಡೆಯ ಗಿಡ ಅಲ್ಲ. ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ಮಳೆಕಾಡಿನದು. ಅಲ್ಲಿ ಕಾಡಿನ ನೆಲದಲ್ಲಿ ಹರಿದಾಡಿ, ಮರ ಸಿಕ್ಕಿದರೆ ಹತ್ತುತ್ತದೆ. ಜೋರು ಮಳೆ, ದಟ್ಟ ನೆರಳು, ದರಗು ಕೊಳೆತ ಮೆತ್ತನೆ ಮಣ್ಣು, ಇಷ್ಟೂ ಅದಕ್ಕೆ ಬೇಕು. ಮಲೆನಾಡಿನ ಹಿತ್ತಲಲ್ಲಿ ಇಷ್ಟೂ ಸಿಗುತ್ತದೆ. ಬಳ್ಳಿಯ ಒಂದೊಂದು ಗೆಣ್ಣಿನಲ್ಲೂ ಬೇರು ಇಣುಕುತ್ತಿರುತ್ತದೆ. ನೆಲ ತಾಗಿದರೆ ಆ ಗೆಣ್ಣೇ ಒಂದು ಗಿಡ. ಹೂವು, ಬೀಜ ಯಾವುದೂ ಬೇಕಿಲ್ಲ, ಬೆರಳುದ್ದದ ತುಂಡು ಸಾಕು.

2021ರ ಮಳೆಗಾಲ ಮುಗಿಯುವಾಗ ಹಲಸಿನ ಮರದ ಮೇಲೆ ಒಂದು ಹೊಸ ಬಳ್ಳಿ ಕಂಡಿತು. ಎಲೆ ಅಂಗೈಗಿಂತ ದೊಡ್ಡದು, ಐದು ಸೀಳು. ಯಾವುದೋ ಕಾಡುಬಳ್ಳಿ ಅಂದುಕೊಂಡೆ. ಕೆಳಗಿನಿಂದ ಬಳ್ಳಿ ಹಿಡಿದು ಕಣ್ಣಾಡಿಸಿದರೆ ಅದು ನನ್ನದೇ ಸಿಂಗೋನಿಯಂ! ಬುಡದಲ್ಲಿ ಬಾಣದ ಎಲೆ, ಎದೆ ಎತ್ತರಕ್ಕೆ ಮೂರು ಸೀಳಿನ ಎಲೆ, ಮೇಲೆ ಐದು. ಮರ ಹತ್ತಿ ಬಲಿತ ಮೇಲೆ ಇದರ ಎಲೆಯೇ ಬೇರೆ ಆಕಾರಕ್ಕೆ ತಿರುಗುತ್ತದೆ ಅಂತ ಆಗ ಗೊತ್ತಾಯಿತು. ನರ್ಸರಿಯಲ್ಲಿ ನಾವು ನೋಡುವುದು ಇದರ ಬಾಲ್ಯ ಮಾತ್ರ. ಅದರ ದೊಡ್ಡ ರೂಪ ಹೇಗಿರುತ್ತದೆ ಅಂತ ಕೊಳ್ಳುವವರಿಗೆ ಯಾರೂ ತೋರಿಸುವುದಿಲ್ಲ.

ಆಗಲೂ ನಾನು ಕೀಳಲಿಲ್ಲ. ಮರಕ್ಕೆ ಹಸಿರು ಸೀರೆ ಉಡಿಸಿದ ಹಾಗಿದೆ ಅಂತ ಫೋಟೋ ತೆಗೆದು ತಂಗಿಗೆ ಕಳಿಸಿದೆ.

ಅದೇ ಹಲಸಿನ ಮರದ ಮೇಲೆ, ಏಣಿ ಇಟ್ಟರೆ ಕೈಗೆ ಸಿಗುವ ಎತ್ತರದಲ್ಲಿ, ಒಂದು ಸೀತಾಳೆ ದಂಡೆ ಇದೆ, ಮರದ ಮೇಲೇ ಬೆಳೆಯುವ ಆರ್ಕಿಡ್ ಗಿಡ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇ ಕೊನೆ, ಜೂನ್ ಹೊತ್ತಿಗೆ ನರಿಬಾಲದ ಹಾಗೆ ಇಳಿಬೀಳುವ ಗುಲಾಬಿ ಬಿಳಿ ಹೂಗೊಂಚಲು. ನಮ್ಮ ಮಾವ ಇದ್ದಾಗ ಗಾಳಿಗೆ ಮುರಿದುಬಿದ್ದ ಕೊಂಬೆಯಿಂದ ಬಿಡಿಸಿ ತಂದು, ಬಾಳೆನಾರಿನಲ್ಲಿ ಕಟ್ಟಿದ್ದು ಅದು. ಅವರು ಹೋಗಿ ಹದಿನಾಲ್ಕು ವರ್ಷ ಆಯಿತು. ಪ್ರತಿ ವರ್ಷ ಅತ್ತೆ ದಂಡೆ ಎಷ್ಟು ಬಂತು ಅಂತ ಎಣಿಸುತ್ತಾರೆ. ಒಂದು ವರ್ಷ ಒಂಬತ್ತು ಬಂದಿತ್ತು. 2022ರಲ್ಲಿ ಮೂರು. 2023ರಲ್ಲಿ ಮಳೆ ಹಿಡಿದು ಎರಡು ವಾರ ಆದರೂ ಒಂದೂ ಕಾಣಲಿಲ್ಲ. ಅತ್ತೆಗೆ ಈಗ ಕಣ್ಣು ಮಂಜು. ಜಗಲಿಯಲ್ಲಿ ಕೂತು ಕೇಳಿದರು: "ಈ ಸಲ ದಂಡೆ ಬಿಡ್ಲೇ ಇಲ್ವೇನೇ? ನಂಗೆ ಕಾಣ್ತಾ ಇಲ್ವೋ, ಬಂದೇ ಇಲ್ವೋ?"

ಏಣಿ ಹತ್ತಿದೆ. ಸಿಂಗೋನಿಯಂ ಎಲೆ ಎರಡು ಕೈಯಲ್ಲಿ ಸರಿಸಬೇಕಾಯಿತು, ಅಷ್ಟು ದಟ್ಟ. ಒಳಗೆ ಸೀತಾಳೆ ಗಿಡ ಇತ್ತು. ಎಲೆ ಹಳದಿ, ಎರಡು ತುದಿಯಿಂದ ಒಣಗಿತ್ತು. ಅದರ ಬೇರು ಬೂದುಬಿಳಿ, ಕಿರುಬೆರಳಿನಷ್ಟು ದಪ್ಪ, ತೊಗಟೆಗೆ ಅಂಟಿಕೊಂಡು ಗಾಳಿ ಬೆಳಕಿಗೆ ತೆರೆದಿರಬೇಕು. ಆ ಬೇರಿನ ಮೇಲೆಲ್ಲ ಸಿಂಗೋನಿಯಂನ ಕಂದು ಬಿಳಲು ಹೊಲಿಗೆ ಹಾಕಿದ ಹಾಗೆ ಹಬ್ಬಿತ್ತು. ಒಂದು ಬಿಳಲನ್ನು ಉಗುರಿನಿಂದ ಎಬ್ಬಿಸಲು ಹೋದರೆ ಸೀತಾಳೆಯ ಬೇರಿನ ಸಿಪ್ಪೆಯೂ ಜೊತೆಗೆ ಎದ್ದು ಬಂತು. ಕೈ ನಿಂತಿತು. ಕೆಳಗಿಂದ ಅತ್ತೆ ಏನಾಯಿತು ಅಂತ ಕೇಳುತ್ತಿದ್ದರು. ನನಗೆ ತಕ್ಷಣ ಉತ್ತರ ಕೊಡಲಾಗಲಿಲ್ಲ.

ಇನ್ನೊಂದು ಕಡೆಯೂ ಹಬ್ಬಿತ್ತು. ಅದು ಪೂರ್ತಿ ನನ್ನ ಕೈಯಿಂದಲೇ ಆದದ್ದು. ಕಿಟಕಿ ಹತ್ತಿರ ಬಂದಾಗೆಲ್ಲ ಬಳ್ಳಿ ಕತ್ತರಿಸಿ ಗೊಬ್ಬರಗುಂಡಿಗೆ ಹಾಕುತ್ತಿದ್ದೆ. ಗುಂಡಿಯ ಗೊಬ್ಬರ ವರ್ಷಕ್ಕೊಮ್ಮೆ ಅಡಿಕೆ ತೋಟಕ್ಕೆ ಹೋಗುತ್ತದೆ. ತುಂಡುಗಳು ಕೊಳೆತಿರಲಿಲ್ಲ. ತೋಟದ ಕೆಳಭಾಗದಲ್ಲಿ ಏಳು ಅಡಿಕೆ ಮರದ ಬುಡಕ್ಕೆ ಸಿಂಗೋನಿಯಂ ಬಂದಿತ್ತು, ಅದರಲ್ಲಿ ನಾಲ್ಕು ಮರದಲ್ಲಿ ಕಾಳುಮೆಣಸಿನ ಜೊತೆಗೇ ಮೇಲೆ ಹತ್ತಿತ್ತು. ಮೆಣಸು ಕೊಯ್ಯಲು ಬಂದವರು "ಅಮ್ಮಾ, ಇದ್ಯಾವ್ದು ಹೊಸ ಕೆಸು?" ಅಂತ ಕೇಳಿದಾಗಲೇ ನನಗೆ ತಿಳಿದದ್ದು. ಬಸಿಗಾಲುವೆಯ ಗುಂಟ ಹಳ್ಳದವರೆಗೂ ಅಲ್ಲೊಂದು ಇಲ್ಲೊಂದು ಇತ್ತು. ಹಳ್ಳದ ಆಚೆ ಕಾಡು. ಅದನ್ನು ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅವರು ಕೆಸು ಅಂದದ್ದು ಸರಿಯಾಗಿಯೇ ಇತ್ತು. ಸಿಂಗೋನಿಯಂ ಕೆಸುವಿನ ಕುಟುಂಬದ್ದೇ. ಕೆಸುವಿನಲ್ಲಿ ಇರುವ ಹಾಗೆ ಇದರಲ್ಲೂ ಸೂಜಿಯಂಥ ಆಕ್ಸಲೇಟ್ ಹರಳು ಇರುತ್ತದೆ. ಸೊನೆ ತಾಗಿದರೆ ತುರಿಕೆ, ಬಾಯಿಗೆ ಹೋದರೆ ಉರಿ, ಊತ. ಮನೆಯಲ್ಲಿ ಅಂಬೆಗಾಲಿಡುವ ಮಗು, ನಾಯಿ, ಬೆಕ್ಕು ಇದ್ದರೆ ಕೈಗೆ ಸಿಗದ ಎತ್ತರದಲ್ಲಿ ಇಡಿ. ನನ್ನ ತೊಟ್ಟೆಯ ಚೀಟಿಯಲ್ಲಿ ಇದೂ ಇರಲಿಲ್ಲ. ಹೆಸರು ಮತ್ತು ರೇಟು, ಅಷ್ಟೇ.

ತೆಗೆಯುವ ಕೆಲಸ ನವೆಂಬರ್‌ನಲ್ಲಿ ಶುರು ಮಾಡಿದೆವು, ಮಳೆ ನಿಂತ ಮೇಲೆ. ಮಳೆಯಲ್ಲಿ ಕಿತ್ತರೆ ಬಿದ್ದ ತುಂಡೆಲ್ಲ ಚಿಗುರುತ್ತದೆ. ಕೆಸು ಹೆಚ್ಚುವಾಗ ಮಾಡುವ ಹಾಗೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಮೇಲೆ ಗ್ಲೌಸ್ ಹಾಕಿಕೊಂಡೆ. ಆದರೂ ಮೊಣಕೈ ಹತ್ತಿರ ತಾಗಿ ಎರಡು ದಿನ ತುರಿಸಿತು. ಮರದ ಮೇಲಿನ ಬಳ್ಳಿಯನ್ನು ಒಂದೇ ಸಲ ಎಳೆಯಲಿಲ್ಲ. ಬುಡದಲ್ಲಿ ಒಂದು ಮೊಳದಷ್ಟು ಕತ್ತರಿಸಿ ತೆಗೆದು, ಮೇಲಿನದನ್ನು ಹಾಗೇ ಬಿಟ್ಟೆ. ಎಳೆದರೆ ಸೀತಾಳೆಯೂ ಬರುತ್ತದೆ ಅನ್ನುವ ಭಯ. ಬುಡ ಇಲ್ಲದ ಬಳ್ಳಿ ವಾರದಲ್ಲಿ ಒಣಗಬಹುದು ಅಂದುಕೊಂಡಿದ್ದೆ. ಒಂದೂವರೆ ತಿಂಗಳು ಹಸಿರಾಗೇ ಇತ್ತು! ತೊಗಟೆಯ ತೇವ, ಬೆಳಗಿನ ಇಬ್ಬನಿ ಇಷ್ಟೇ ಕುಡಿದು ಬದುಕಿತ್ತು. ಸಂಕ್ರಾಂತಿ ಕಳೆದ ಮೇಲೆ ಒಣಗಿ ಹಗುರಾಯಿತು. ಆಮೇಲೆ ಸೀತಾಳೆಯ ಸುತ್ತ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದೆ. ಮೂರು ಭಾನುವಾರ ಹಿಡಿಯಿತು.

ನೆಲದಲ್ಲಿರುವುದನ್ನು ಗುದ್ದಲಿಯಿಂದ ಅಗೆದರೆ ತುಂಡಾಗುತ್ತದೆ. ಮಣ್ಣು ಸಡಿಲ ಮಾಡಿ ಕೈಯಲ್ಲಿ ಬೇರು ಸಮೇತ ಎತ್ತಬೇಕು. ಕಿತ್ತದ್ದನ್ನು ಗೊಬ್ಬರಗುಂಡಿಗೂ ಹಾಕಬಾರದು, ಬೇಲಿ ಆಚೆಗೂ ಎಸೆಯಬಾರದು. ಹಳ್ಳಕ್ಕಂತೂ ಬೇಡವೇ ಬೇಡ. ನಾವು ಅಡಿಕೆ ಒಣಗಿಸುವ ಅಟ್ಟದ ಕೆಳಗೆ, ಸಿಮೆಂಟ್ ಅಂಗಳದಲ್ಲಿ ಹರಡಿ, ಮುರಿದರೆ ಚಟ್ ಅನ್ನುವವರೆಗೆ ಒಣಗಿಸಿ ಬಚ್ಚಲ ಒಲೆಗೆ ಹಾಕಿದೆವು. ಮೂರು ಜನರ ಆರು ದಿನದ ಕೂಲಿ ಕೊಟ್ಟೆ. 40 ರೂಪಾಯಿಯ ಗಿಡಕ್ಕೆ ಅದನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಇದು ನಮ್ಮ ಹಿತ್ತಲಿನದೊಂದೇ ಕಥೆ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಕೂಡ ಇದು ತೋಟದಿಂದ ಕಾಡಿಗೆ ನುಗ್ಗಿ, ಅಲ್ಲಿನ ಸ್ವಂತ ಗಿಡಗಳಿಗೆ ಹಾನಿ ಮಾಡುವ ಕಳೆಗಳ ಮೊದಲ ದರ್ಜೆಯ ಪಟ್ಟಿಯಲ್ಲಿದೆ. ಇನ್ನು ನಮ್ಮ ಕಾಡಿಗೆ ಹೋದರೆ ಕಾಲಿಗೆ ತೊಡಕುವ ಲಂಟಾನ ಇದೆಯಲ್ಲ, ಅದೂ ಒಂದು ಕಾಲದಲ್ಲಿ ಬ್ರಿಟಿಷರು ಹೂವಿನ ಚಂದಕ್ಕೆ ತರಿಸಿದ ಗಿಡವೇ. ಬಂಡೀಪುರದಲ್ಲಿ ಅದು ಹೇಗೆ ತುಂಬಿದೆ ಅಂತ ಸಫಾರಿಗೆ ಹೋದವರು ನೋಡಿರುತ್ತೀರಿ.

ಹಾಗಂತ ಸಿಂಗೋನಿಯಂ ತರಲೇಬೇಡಿ ಅಂತ ನಾನು ಹೇಳುವುದಿಲ್ಲ. ನನ್ನ ಹತ್ತಿರ ಈಗಲೂ ಒಂದಿದೆ, ಗುಲಾಬಿ ಎಲೆಯದು. ಒಳಗಿನ ಹಜಾರದಲ್ಲಿ, ಎಂಟು ಇಂಚಿನ ಕುಂಡದಲ್ಲಿ, ಕೆಳಗೆ ತಟ್ಟೆ ಇಟ್ಟು ಬೆಳೆಸಿದ್ದೇನೆ. ಗುಲಾಬಿಯದು ಹಸಿರಿನದರಷ್ಟು ಜೋರಾಗಿ ಬೆಳೆಯುವುದಿಲ್ಲ, ಮನೆಯೊಳಗೆ ಅದೇ ಅನುಕೂಲ. ಮೇಲಿನ ಮಣ್ಣು ಒಣಗಿದಾಗ ನೀರು, ಕಿಟಕಿಯ ಬೆಳಕು, ನೇರ ಬಿಸಿಲು ಬೇಡ. ತುದಿ ಚಿವುಟುತ್ತಿದ್ದರೆ ಪೊದೆಯಾಗಿ ಕೂರುತ್ತದೆ. ಬಿಳಿ ಮಚ್ಚೆಯದನ್ನು ತಂದರೆ ಪೂರ್ತಿ ಹಸಿರು ಚಿಗುರು ಬಂದ ತಕ್ಷಣ ಬುಡದಲ್ಲೇ ಕತ್ತರಿಸಿ, ಇಲ್ಲದಿದ್ದರೆ ಹಸಿರೇ ಗೆಲ್ಲುತ್ತದೆ. ಬೆಂಗಳೂರಿನ ಫ್ಲ್ಯಾಟ್‌ನ ಬಾಲ್ಕನಿಗೆ, ಆಫೀಸ್ ಟೇಬಲ್‌ಗೆ ಇದು ಒಳ್ಳೆಯ ಗಿಡ. ಕುಂಡದಲ್ಲಾದರೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಮಲೆನಾಡು, ಕರಾವಳಿ, ಕೊಡಗಿನಲ್ಲಿ ನೆಲಕ್ಕೆ ನೆಡುವುದಾದರೆ ಸೊನ್ನೆ. ಅದರಲ್ಲಿ ಚೌಕಾಸಿ ಇಲ್ಲ.

ನರ್ಸರಿಯವರಲ್ಲಿ ಒಂದು ವಿನಂತಿ. ಚೀಟಿಯಲ್ಲಿ ಇನ್ನೆರಡು ಸಾಲು ಬರೆಯಿರಿ: "ಕುಂಡದಲ್ಲೇ ಬೆಳೆಸಿ. ಸೊನೆ ತುರಿಸುತ್ತದೆ." ಗಿಡ ಕಡಿಮೆ ಮಾರಾಟ ಆಗುತ್ತೆ ಅಂತ ನನಗನ್ನಿಸುವುದಿಲ್ಲ. ನಾನಂತೂ ಕೊಳ್ಳುತ್ತಿದ್ದೆ, ಕುಂಡದ ಸಮೇತ.

ಆ ನೆರಳಿನ ಮೂಲೆಗೆ ಈಗ ಹಿಪ್ಪಲಿ ಹಬ್ಬಿಸಿದ್ದೇನೆ. ನಮ್ಮ ಘಟ್ಟದ್ದೇ ಬಳ್ಳಿ, ಎಲೆ ವೀಳ್ಯದೆಲೆಯ ಹಾಗೆ ಮಿರುಗುತ್ತದೆ, ನೆರಳು ಅಂದರೆ ಪ್ರಾಣ. ಬಾವಿಯ ನೀರು ಹರಿಯುವ ಕಡೆ ಒಂದೆಲಗ. ಅದೂ ಹರಡುತ್ತದೆ, ಆದರೆ ವಾರಕ್ಕೆರಡು ಸಲ ತಂಬುಳಿಗೆ ಕಿತ್ತರೆ ತಾನಾಗೇ ಹದದಲ್ಲಿರುತ್ತದೆ. ಕಲ್ಲಿನ ಸಂದಿಗೆ ಹಳ್ಳದ ಹತ್ತಿರದ ಎರಡು ಜಾತಿ ಜರಿಗಿಡ. ಸಿಂಗೋನಿಯಂನಷ್ಟು ಬೇಗ ತುಂಬಲಿಲ್ಲ, ಒಂದು ಪೂರ್ತಿ ವರ್ಷ ಬರೀ ಮಣ್ಣು ನೋಡಬೇಕಾಯಿತು.

ಈ ವರ್ಷ ಜೂನ್ ಮೊದಲ ವಾರ ಸೀತಾಳೆಯಲ್ಲಿ ಎರಡು ದಂಡೆ ಬಂತು. ಅತ್ತೆಯನ್ನು ಕೈಹಿಡಿದು ಮರದ ಬುಡಕ್ಕೆ ಕರೆದುಕೊಂಡು ಹೋದೆ. ಒಂದು ದಂಡೆ ಅವರ ಕೈಗೆ ಎಟುಕುವ ಹಾಗೆ ಏಣಿ ಮೇಲಿಂದ ಮೆಲ್ಲಗೆ ಕೆಳಗೆ ಬಾಗಿಸಿದೆ. ಮೇಲಿನಿಂದ ಕೆಳಗಿನವರೆಗೆ ಬೆರಳಲ್ಲಿ ಸವರಿ, "ಎರಡೇ ಆದ್ರೂ ತುಂಬಿ ಬಂದಿದೆ ಕಣೇ" ಅಂದರು. ನಾನು ಏಣಿ ಇಳಿಯುವಾಗ ಬಾವಿಕಟ್ಟೆಯ ಕಲ್ಲಿನ ಸಂದಿಯಲ್ಲಿ ಬಾಣದಂಥ ಒಂದು ಪುಟ್ಟ ಎಲೆ ಕಂಡಿತು. ಒಂದೂವರೆ ವರ್ಷ ಆದ ಮೇಲೂ. ಬೇರು ತುಂಡಾಗದ ಹಾಗೆ ಎತ್ತಿ, ಅಂಗಳದ ಬಿಸಿಲಿಗೆ ಹಾಕಿದೆ.