ಕಾಸಾನ್, ಸ್ಲಬ್ ಡಿಬಗ್, ಕೆ-ಫೆನ್ಸ್: ಒಂದೇ ಬಗ್ ಮೇಲೆ ಮೂರನ್ನೂ ಓಡಿಸಿ ನೋಡಿದ್ದು

ಕಾಸಾನ್, ಸ್ಲಬ್ ಡಿಬಗ್, ಕೆ-ಫೆನ್ಸ್, ಈ ಮೂರೂ ಲಿನಕ್ಸ್ ಕರ್ನಲ್ ಒಳಗಿನ ಮೆಮೊರಿ ತಪ್ಪುಗಳನ್ನ ಹಿಡಿಯೋ ಟೂಲ್‌ಗಳು. ಕರ್ನಲ್‌ನಲ್ಲಿ ಮೆಮೊರಿ ಹಾಳಾದ್ರೆ ದೊಡ್ಡ ತಲೆನೋವು ಏನಂದ್ರೆ, ಹಾಳು ಮಾಡಿದ ಕೋಡ್ ಒಂದು ಕಡೆ ಇರತ್ತೆ, ಕ್ರ್ಯಾಶ್ ಆಗೋದು ಇನ್ನೊಂದು ಕಡೆ. ಮಾಡಿದ್ದು ಯಾವ್ದೋ ಡ್ರೈವರ್, ಊಪ್ಸ್‌ನಲ್ಲಿ (ಕರ್ನಲ್‌ನ ಕ್ರ್ಯಾಶ್ ರಿಪೋರ್ಟ್) ಹೆಸರು ಬರೋದು ಫೈಲ್‌ಸಿಸ್ಟಮ್‌ದು. ಹಾಗಾಗಿ ಯಾವ ಟೂಲ್ ಒಳ್ಳೇದು ಅಂತ ನೋಡುವಾಗ ನಾನು ಕೇಳೋದು ಒಂದೇ ಪ್ರಶ್ನೆ, ತಪ್ಪು ನಡೆದ ಕ್ಷಣದಲ್ಲೇ ಹಿಡಿಯತ್ತಾ, ಇಲ್ಲಾ ಆಮೇಲೆ ಬಂದು ಹೇಳತ್ತಾ?

ನೋಡಿದ ಬಗ್ ಇದು: ಡ್ರೈವರ್ ಒಂದು 64 ಬೈಟ್ ಬಫರನ್ನ ಕೆಫ್ರೀ ಮಾಡತ್ತೆ, ಅಂದ್ರೆ ಆ ಮೆಮೊರಿನ ಕರ್ನಲ್‌ಗೆ ವಾಪಸ್ ಕೊಡತ್ತೆ, ಆದ್ರೆ ಟೈಮರ್ ನಿಲ್ಸಿಲ್ಲ, ಆ ಟೈಮರ್ ಕಾಲ್‌ಬ್ಯಾಕ್ (ಟೈಮ್ ಆದಾಗ ಓಡೋ ಫಂಕ್ಷನ್) ಬಫರ್ ಶುರುವಲ್ಲಿರೋ ಕೌಂಟರನ್ನ ಒಂದೊಂದೇ ಏರಿಸ್ತಾ ಇರತ್ತೆ.

ಮೊದ್ಲು ಸ್ಲಬ್ ಡಿಬಗ್. ಇದರ ದೊಡ್ಡ ಉಪಕಾರ ಅಂದ್ರೆ ಸಾಮಾನ್ಯವಾಗಿ ಕರ್ನಲ್ ಮತ್ತೆ ಬಿಲ್ಡ್ ಮಾಡ್ಬೇಕಾಗಿಲ್ಲ, ಬೂಟ್ ಪ್ಯಾರಾಮೀಟರ್ ಕೊಟ್ರೆ ಸಾಕು, ಅದ್ರಲ್ಲೂ 64 ಬೈಟ್ ಬಫರ್‌ಗಳು ಸಿಗೋ ಕೆಮ್ಯಾಲಕ್-64 ಕ್ಯಾಶ್‌ಗೆ ಮಾತ್ರ ಹಾಕಿದ್ರೆ ಸಿಸ್ಟಮ್ ಅಷ್ಟೇನೂ ಸ್ಲೋ ಆಗಲ್ಲ. ಫ್ರೀ ಆದ ಆಬ್ಜೆಕ್ಟ್ ತುಂಬಾ ಹೆಕ್ಸ್ 6ಬಿ ತುಂಬಿಸಿ ಕೊನೇ ಬೈಟ್‌ಗೆ ಎ5 ಇಡತ್ತೆ, ಅದೇ ಜಾಗನ ಮತ್ತೆ ಅಲೊಕೇಟ್ ಮಾಡುವಾಗ ಅಳಿಸಿ ಹೋಗಿದ್ಯಾ ಅಂತ ಚೆಕ್ ಮಾಡತ್ತೆ. ಡಂಪ್‌ನಲ್ಲಿ ಸಾಲು ಸಾಲು 6ಬಿ ಮಧ್ಯೆ ಮೊದಲ ಬೈಟ್ ಮಾತ್ರ 6ಇ ಇತ್ತು. ಅಂದ್ರೆ 6ಬಿ ಮೇಲೆ ಮೂರು, ಫ್ರೀ ಆದ್ಮೇಲೆ ಟೈಮರ್ ಮೂರು ಸಲ ಓಡಿದೆ! ಆ ಒಂದು ಬೈಟ್ ನೋಡಿದ್ರೇನೇ ಇದು ಪಾಯಿಂಟರ್ ಬರೆದಿದ್ದಲ್ಲ, ಯಾರೋ ಕೌಂಟರ್ ಏರಿಸ್ತಿದಾರೆ ಅಂತ ಗೊತ್ತಾಗತ್ತೆ, ನಂಗೆ ತುಂಬಾ ಇಷ್ಟ ಆಗಿದ್ದು ಇದೇ. ಆದ್ರೆ ಯಾರು ಬರೆದ್ರು ಅಂತ ಹೇಳಲ್ಲ. ಟ್ರ್ಯಾಕಿಂಗ್ ಆನ್ ಇದ್ರೆ ಅಲೊಕೇಟ್ ಮಾಡಿದವ್ರು, ಫ್ರೀ ಮಾಡಿದವ್ರು ಸಿಗ್ತಾರೆ, ಮಧ್ಯದವ್ರನ್ನ ನಾವೇ ಹುಡುಕ್ಬೇಕು.

ಕಾಸಾನ್ ಅಲ್ಲೇ ಗೆಲ್ಲೋದು. ಕೌಂಟರ್ ಮೊದಲನೇ ಸಲ ಮುಟ್ಟಿದ ತಕ್ಷಣ ರಿಪೋರ್ಟ್ ಬಂತು, ಮೇಲೆ ಟೈಮರ್ ಕಾಲ್‌ಬ್ಯಾಕ್ ಸ್ಟ್ಯಾಕ್ (ಯಾವ ಫಂಕ್ಷನ್ ಯಾವ್ದನ್ನ ಕರೀತು ಅನ್ನೋ ಪಟ್ಟಿ), ಕೆಳಗೆ ಅಲೊಕೇಟ್ ಆಗಿದ್ದು ಎಲ್ಲಿ, ಫ್ರೀ ಆಗಿದ್ದು ಎಲ್ಲಿ, ಮೂರೂ ಒಂದೇ ಕಡೆ. ಇನ್ನೇನು ಬೇಕು? 2015ರಲ್ಲಿ 4.0 ಕರ್ನಲ್‌ಗೆ ಬಂದಿದ್ದು ಇದು. ಜೆನೆರಿಕ್ ಮೋಡ್‌ನಲ್ಲಿ ಪ್ರತಿ 8 ಬೈಟ್‌ಗೆ 1 ಶ್ಯಾಡೋ ಬೈಟ್ (ಆ ಎಂಟರಲ್ಲಿ ಯಾವ್ದನ್ನ ಮುಟ್ಬೋದು ಅನ್ನೋ ಗುರುತು) ಇಟ್ಕೊಳತ್ತೆ, ಕಂಪೈಲರ್ ಪ್ರತಿ ಮೆಮೊರಿ ಆಕ್ಸೆಸ್‌ಗೂ ಒಂದು ಚೆಕ್ ಸೇರಿಸತ್ತೆ, ಜೊತೆಗೆ ಫ್ರೀ ಆದ ಆಬ್ಜೆಕ್ಟನ್ನ ತಕ್ಷಣ ವಾಪಸ್ ಕೊಡ್ದೆ ಕ್ವಾರಂಟೈನ್‌ನಲ್ಲಿ ಇಡತ್ತೆ. ಬೆಲೆನೂ ಅದೇ, ಮೆಮೊರಿ ಹೋಗತ್ತೆ, ಸ್ಪೀಡ್ ಎದ್ದು ಕಾಣೋ ಹಾಗೆ ಇಳಿಯತ್ತೆ, ಕರ್ನಲ್ ಪೂರ್ತಿ ಮತ್ತೆ ಬಿಲ್ಡ್ ಮಾಡ್ಬೇಕು. ಟೈಮಿಂಗ್ ಮೇಲೆ ನಿಂತಿರೋ ರೇಸ್ (ಯಾವ ಕೋಡ್ ಮೊದ್ಲು ಓಡತ್ತೆ ಅನ್ನೋದ್ರಿಂದ ಬರೋ ಬಗ್) ಆದ್ರೆ ಸ್ಲೋ ಆದ ಕರ್ನಲ್‌ನಲ್ಲಿ ಬಗ್ಗೇ ಮಾಯ ಆಗ್ಬೋದು, ಆಗ ಮತ್ತೆ ಸ್ಲಬ್ ಡಿಬಗ್ ಕಡೆಗೇ ಬರ್ಬೇಕು. ಇನ್ನೊಂದು, ಡೀಫಾಲ್ಟ್ ಆಗಿ ಮೊದಲ ರಿಪೋರ್ಟ್ ಒಂದನ್ನೇ ತೋರ್ಸತ್ತೆ, ಎಲ್ಲಾ ಬೇಕಂದ್ರೆ ಮಲ್ಟಿ ಶಾಟ್ ಪ್ಯಾರಾಮೀಟರ್ ಕೊಡಿ.

ಕೆ-ಫೆನ್ಸ್ 2021ರಲ್ಲಿ 5.12ಗೆ ಬಂತು, ಇದರ ದಾರಿನೇ ಬೇರೆ. ಎಲ್ಲಾ ಅಲೊಕೇಶನ್ ಕಾಯಲ್ಲ, ಡೀಫಾಲ್ಟ್ ಆಗಿ 100 ಮಿಲಿಸೆಕೆಂಡ್‌ಗೆ ಒಂದನ್ನ ಆರಿಸಿ ಸ್ವಂತ ಪೇಜ್‌ನಲ್ಲಿಟ್ಟು ಅಕ್ಕಪಕ್ಕ ಮುಟ್ಟಿದ್ರೆ ತಕ್ಷಣ ಗೊತ್ತಾಗೋ ಗಾರ್ಡ್ ಪೇಜ್ ಹಾಕತ್ತೆ. 255 ಆಬ್ಜೆಕ್ಟ್, 4 ಕೆಬಿ ಪೇಜ್ ಲೆಕ್ಕದಲ್ಲಿ ಗಾರ್ಡ್ ಪೇಜೂ ಸೇರಿ ಒಟ್ಟು 2 ಎಂಬಿ, ಅಷ್ಟೇ. ನನ್ನ ಬಗ್ ಮೇಲೆ ಎಷ್ಟೋ ಹೊತ್ತು ಸುಮ್ನೇ ಇತ್ತು, ಇಂಟರ್ವಲ್ 1 ಮಿಲಿಸೆಕೆಂಡ್‌ಗೆ ಇಳಿಸಿ ಡ್ರೈವರನ್ನ ಲೋಡ್ ಅನ್‌ಲೋಡ್ ಲೂಪ್‌ಗೆ ಹಾಕಿದ್ಮೇಲೆ ಸಿಕ್ತು, ಸಿಕ್ಕಿದಾಗ ರಿಪೋರ್ಟ್ ಕಾಸಾನ್‌ದಷ್ಟೇ ಸ್ಪಷ್ಟ. ಒಂದೇ ಮೆಷಿನ್ ಮುಂದೆ ಕೂತು ಬಗ್ ಹುಡುಕೋರಿಗೆ ಇದಲ್ಲ. ಪ್ರೊಡಕ್ಷನ್‌ನಲ್ಲಿ ನೂರಾರು ಮೆಷಿನ್ ಓಡ್ತಿದ್ರೆ ಮಾತ್ರ ಯೋಚ್ನೆ ಮಾಡ್ದೆ ಆನ್ ಮಾಡಿಡಿ, ಯಾವ್ದಾದ್ರೂ ಒಂದರಲ್ಲಿ ಸಿಕ್ಕೇ ಸಿಗತ್ತೆ.

ಬಗ್ ಮತ್ತೆ ಮತ್ತೆ ಬರಿಸೋಕೆ ಆಗತ್ತೆ, ಬಿಲ್ಡ್ ಮಾಡೋ ಅವಕಾಶ ಇದೆ ಅಂದ್ರೆ ನನ್ನ ವೋಟು ಕಾಸಾನ್‌ಗೇ. ಬೇರೆಯವ್ರು ಕೊಟ್ಟ ಕರ್ನಲ್ ಆದ್ರೆ ಸ್ಲಬ್ ಡಿಬಗ್. ಮೆಮೊರಿ ಹಾಳಾಗ್ದೆ ಬರೀ ಸೋರ್ತಾ ಇದ್ರೆ, ಅಂದ್ರೆ ತಗೊಂಡಿದ್ದನ್ನ ಫ್ರೀ ಮಾಡ್ದೇ ಬಿಟ್ಟಿದ್ರೆ, ಈ ಮೂರೂ ಸಹಾಯಕ್ಕೆ ಬರಲ್ಲ, ಅದಕ್ಕೆ ಕೆಮೆಮ್‌ಲೀಕ್ ಇದೆ, ಅದು ಸುಳ್ಳು ರಿಪೋರ್ಟ್‌ನೂ ಕೊಡೋದ್ರಿಂದ ಸ್ವಲ್ಪ ಬಿಟ್ಟು ಮತ್ತೊಂದ್ಸಲ ಸ್ಕ್ಯಾನ್ ಮಾಡ್ಸಿ, ಆಗ್ಲೂ ಉಳಿದಿರೋದನ್ನ ಮೊದ್ಲು ನೋಡಿ.