ನಾಯಿಯನ್ನು ಯುರೋಪಿಗೆ ಒಯ್ಯುವವರೇ, ಏಜೆಂಟನ ಮಾತು ನಂಬಿ ಮುಂಗಡ ಕೊಡಬೇಡಿ

ಹುಬ್ಬಳ್ಳಿ-ಧಾರವಾಡದಿಂದ ನಾಯಿಯನ್ನೋ ಬೆಕ್ಕನ್ನೋ ಯುರೋಪಿಗೆ ಒಯ್ಯುವ ಯೋಚನೆ ಇದೆಯಾ? ಟಿಕೆಟ್ ತೆಗೆಸುವ ಮುಂಚೆ ಇದನ್ನು ಓದಿ.

ನನ್ನ ತಂಗಿಯ ಗಂಡನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಅವರ ಮನೆಯಲ್ಲಿ ಮೋತಿ ಇದ್ದಾನೆ, ವಿದ್ಯಾನಗರದ ರಸ್ತೆಯಲ್ಲಿ ಸಿಕ್ಕ ಊರ ನಾಯಿ. ಬಿಟ್ಟು ಹೋಗುವ ಮಾತೇ ಇರಲಿಲ್ಲ. ಯಾರೋ ಹೇಳಿದರೆಂದು ಒಬ್ಬ ಏಜೆಂಟನನ್ನು ಹಿಡಿದರು. "ಚಿಂತಿ ಬ್ಯಾಡ್ರಿ ಅಕ್ಕಾರ. ರೇಬೀಸ್ ಇಂಜೆಕ್ಷನ್ ಆಗೇತಿ, ಚಿಪ್ ನಾ ಹಾಕಸ್ತೀನಿ, ಕಾಗದ ಎಲ್ಲಾ ನಂದು" ಎಂದ. ಚಿಪ್ ಅಂದರೆ ಗುರುತಿಗಾಗಿ ನಾಯಿಯ ಚರ್ಮದಡಿ ಹಾಕುವ, ನಂಬರ್ ಇರುವ ಪುಟ್ಟ ಸಾಧನ. ರಕ್ತ ಪರೀಕ್ಷೆ ಬೇಕಂತಲ್ಲ ಎಂದು ತಂಗಿ ಕೇಳಿದ್ದಳು. "ಅದು ಫಾರೆನ್ ಜಾತಿ ನಾಯಿಗ್ರಿ" ಅಂತ ನಕ್ಕುಬಿಟ್ಟ. ಅರ್ಧಕ್ಕಿಂತ ಜಾಸ್ತಿ ದುಡ್ಡು ಮುಂಗಡ ತೆಗೆದುಕೊಂಡ, ಅದೂ ರಸೀದಿ ಇಲ್ಲದೆ.

ಹೊರಡುವ ದಿನ ಹತ್ತಿರ ಬಂದಾಗ ಬೆಂಗಳೂರಿನ ಒಬ್ಬ ಪಶುವೈದ್ಯರಿಗೆ ಲಸಿಕೆ ಪುಸ್ತಕ ತೋರಿಸಿದೆವು. ಅವರು ಪುಟ ತಿರುವಿ ಒಂದು ಕಡೆ ಪೆನ್ನು ಇಟ್ಟರು. ಮೇಲೆ ಲಸಿಕೆ ಬಾಟಲಿಯಿಂದ ಕಿತ್ತು ಅಂಟಿಸಿದ ಚೀಟಿ, ಪಕ್ಕದಲ್ಲಿ ತಾರೀಖು, ಸಹಿ. ಅದರ ಕೆಳಗೆ ಚಿಪ್ಪಿನ ಬಾರ್‌ಕೋಡ್ ಚೀಟಿ. ಅದರ ತಾರೀಖು ಲಸಿಕೆಯ ನಂತರದ್ದು. "ಈ ಇಂಜೆಕ್ಷನ್ ಲೆಕ್ಕಕ್ಕೇ ಇಲ್ಲ" ಎಂದರು.

ಕೇಳಿದರೆ ನ್ಯಾಯವೇ ಅನಿಸುತ್ತದೆ. ಚಿಪ್ ಇಲ್ಲದ ನಾಯಿಗೆ ಲಸಿಕೆ ಕೊಟ್ಟರೆ, ಅದು ಇದೇ ನಾಯಿ ಅನ್ನುವುದಕ್ಕೆ ಏನು ಗುರುತು? ಅದಕ್ಕೇ ಯುರೋಪಿನ ನಿಯಮದಲ್ಲಿ ಮೊದಲು 15 ಅಂಕಿಯ, ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ) ಪ್ರಕಾರದ ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಎರಡೂ ಒಂದೇ ದಿನ ಆದರೂ ನಡೆಯುತ್ತದೆ, ಹಿಂದುಮುಂದಾದರೆ ಮಾತ್ರ ನಡೆಯುವುದಿಲ್ಲ. ಮರಿಗೆ ಲಸಿಕೆ ಹಾಕಿಸುವಾಗ 12 ವಾರ ತುಂಬಿರಬೇಕು.

ರಕ್ತ ಪರೀಕ್ಷೆಯದ್ದು ಇನ್ನೂ ದೊಡ್ಡ ಕಥೆ. ರೇಬೀಸ್ ವಿಷಯದಲ್ಲಿ ಈ ಪರೀಕ್ಷೆ ಬೇಡ ಅಂತ ಯುರೋಪ್ ಮಾಡಿಕೊಂಡಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ಇಲ್ಲಿಂದ ಹೋಗುವ ಯಾವ ಜಾತಿಯ ನಾಯಿಗೂ ಟೈಟರ್ ಟೆಸ್ಟ್, ಅಂದರೆ ಲಸಿಕೆಯಿಂದ ರಕ್ತದಲ್ಲಿ ರೇಬೀಸ್ ತಡೆಯುವ ಶಕ್ತಿ ಎಷ್ಟು ಬಂದಿದೆ ಎಂದು ನೋಡುವ ಪರೀಕ್ಷೆ, ತಪ್ಪಿದ್ದಲ್ಲ. ಲಸಿಕೆ ಹಾಕಿಸಿ ಕನಿಷ್ಠ 30 ದಿನ ಆದ ಮೇಲೆ ರಕ್ತ ತೆಗೆಯಬೇಕು. ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬಿನಲ್ಲೇ ಪರೀಕ್ಷೆ ಆಗಬೇಕು. ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ಬಂತು ಅಂತ ತಕ್ಷಣ ವಿಮಾನ ಹತ್ತುವ ಹಾಗೂ ಇಲ್ಲ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಎಲ್ಲಾ ಸರಿಯಾಗಿ ನಡೆದರೂ ನಾಲ್ಕು ತಿಂಗಳು ಬೇಕೇ ಬೇಕು. ಏಜೆಂಟ್ ಹೇಳಿದ್ದು "ಹದಿನೈದು ದಿನದಾಗ ಮುಗಸ್ತೀನ್ರಿ"!

ಇದನ್ನು ಮುಚ್ಚಿಟ್ಟು ಹೊರಟುಬಿಟ್ಟಿದ್ದರೆ? ಅಲ್ಲಿ ಇಳಿದ ಮೇಲೆ ನಾಯಿಯನ್ನು ವಾಪಸ್ ಕಳಿಸಬಹುದು, ಇಲ್ಲವೇ ನಮ್ಮ ಖರ್ಚಿನಲ್ಲೇ ಕ್ವಾರಂಟೈನಿನಲ್ಲಿ ಇಡಬಹುದು. ಎರಡೂ ಆಗದಿದ್ದರೆ ದಯಾಮರಣ ಕೊಡುವುದಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ತಂಗಿ ಅಲ್ಲೇ ಅತ್ತಳು.

ಆಮೇಲೆ ಇನ್ನೊಂದು ಪೇಚು. ಅವರು ಹೋಗಲಿ, ಮೋತಿಯನ್ನು ನಾನು ಆಮೇಲೆ ಕಳಿಸುತ್ತೇನೆ ಅಂದುಕೊಂಡೆವು. ಮಾಲೀಕರ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ 5 ದಿನಕ್ಕಿಂತ ಜಾಸ್ತಿ ಅಂತರ ಇದ್ದರೆ ಅದು ಸಾಕುಪ್ರಾಣಿಯ ಲೆಕ್ಕಕ್ಕೆ ಬರುವುದಿಲ್ಲವಂತೆ, ವ್ಯಾಪಾರದ ಸಾಗಣೆಯ ನಿಯಮ ಹತ್ತುತ್ತದೆ. ಈಗ ಅವನನ್ನು ಕರೆದೊಯ್ಯಲು ತಂಗಿ ಮತ್ತೆ ಊರಿಗೆ ಬರಬೇಕು. ಮೋತಿ ಸದ್ಯ ನಮ್ಮ ಮನೆಯಲ್ಲಿದ್ದಾನೆ. ಲಸಿಕೆ ಹೊಸದಾಗಿ ಆಗಿದೆ, ರಕ್ತವೂ ಹೋಗಿದೆ. ಏಜೆಂಟ್ ಫೋನ್ ಎತ್ತುವುದಿಲ್ಲ.

ಆರೋಗ್ಯ ಪ್ರಮಾಣಪತ್ರ ಮಾತ್ರ ಕೊನೆಗೆ ಮಾಡಿಸುವಂಥದ್ದು. ಕೊಟ್ಟ ದಿನದಿಂದ 10 ದಿನದೊಳಗೆ ಯುರೋಪಿನೊಳಗೆ ಕಾಲಿಡಬೇಕು. ಅದಕ್ಕೆ ಸರ್ಕಾರಿ ಅಧಿಕಾರಿಯ ಮುದ್ರೆ ಬೇಕು. ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿ ಬೆಂಗಳೂರಿನಲ್ಲಿದೆ, ಹುಬ್ಬಳ್ಳಿಯಲ್ಲಿಲ್ಲ. ಆ ಓಡಾಟದ ದಿನಗಳನ್ನೂ ಹಿಡಿದೇ ಟಿಕೆಟ್ ತೆಗೆಸಿ. ಟೈಟರ್ ಒಮ್ಮೆ ಪಾಸಾದರೆ ಮುಂದಿನ ರೇಬೀಸ್ ಬೂಸ್ಟರಿನ ತಾರೀಖು ಒಂದು ದಿನವೂ ತಪ್ಪಿಸಬೇಡಿ. ತಪ್ಪಿದರೆ ಆ ಪರೀಕ್ಷೆಯೂ ಹೋದ ಹಾಗೆ. ಮತ್ತೆ, ಡಾಕ್ಟರ್ ಹತ್ತಿರ ಹೋದಾಗಲೆಲ್ಲ ಸ್ಕ್ಯಾನರ್ ಹಿಡಿಸಿ ಚಿಪ್ಪಿನ ನಂಬರ್ ಓದಿಸಿ, ಕಾಗದದಲ್ಲಿರುವ ಹದಿನೈದೂ ಅಂಕಿಗಳ ಜೊತೆ ನೀವೇ ತಾಳೆ ನೋಡಿ.