ಓಟದ ಫೋಟೋಗೆ ನಿಕಾನ್ 200-500: ವರ್ಷಗಟ್ಟಲೆ ಹೊತ್ತ ಮೇಲೆ

ನಿಕಾನ್ 200-500 ಎಂಎಂ ಎಫ್/5.6 ಲೆನ್ಸ್ ನಮ್ಮಲ್ಲಿ ಕಬಿನಿಯ ಸಫಾರಿ ಜೀಪು, ರಂಗನತಿಟ್ಟಿನ ದೋಣಿಗಳಲ್ಲೇ ಹೆಚ್ಚು ಕಾಣುತ್ತದೆ. ನಾನು ಅದನ್ನು ಡಿ500 ಕ್ಯಾಮೆರಾಗೆ ಹಾಕಿ ಬಳಸುವುದು ಬೆಂಗಳೂರಿನ ರಸ್ತೆ ಓಟಗಳಿಗೆ. ಓಟಕ್ಕೆ ಇಷ್ಟು ಭಾರದ್ದು ಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ: ಬೇಕು, ಆದರೆ ಜೊತೆಗೇ ಮಾನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಕೊಳ್ಳಿ.

ಲೆನ್ಸಿನ ತೂಕ, ಅದನ್ನು ಸ್ಟ್ಯಾಂಡಿಗೆ ಕೂರಿಸುವ ಬಳೆಯಾದ ಕಾಲರ್ ಸೇರಿ, 2.3 ಕೆ.ಜಿ. ತೋಳು ಸೋತರೆ ಲೆನ್ಸ್ ಮೂತಿ ಆಡತೊಡಗುತ್ತದೆ, ಓಟಗಾರರ ಪಾದ ಫ್ರೇಮಿನಿಂದ ಆಚೆ ಹೋಗುತ್ತದೆ. ಮಾನೋಪಾಡಿಗೆ ಕೂರಿಸಿ ಕಾಲರ್ ತಿರುಪು ತುಸು ಸಡಿಲ ಬಿಟ್ಟರೆ, ಕ್ಯಾಮೆರಾ ಅಡ್ಡದಿಂದ ಉದ್ದಕ್ಕೆ ಸಲೀಸಾಗಿ ತಿರುಗುತ್ತದೆ.

ನಿಜವಾದ ಕಲಿಕೆ ಇರುವುದು ಜೂಮ್‌ನಲ್ಲಿ. ಈ ಕ್ಯಾಮೆರಾದಲ್ಲಿ ಉದ್ದ ಫ್ರೇಮ್ ಹಿಡಿದರೆ, ಆಳೆತ್ತರ ಪೂರ್ತಿ ತುಂಬುವುದು 500ರಲ್ಲಿ ಸುಮಾರು 37 ಮೀಟರ್ ದೂರಕ್ಕೆ, 200ರಲ್ಲಿ 15 ಮೀಟರ್‌ಗೆ. 10 ಕಿ.ಮೀ. ಅನ್ನು 28 ನಿಮಿಷದಲ್ಲಿ ಮುಗಿಸುವವರು ಸೆಕೆಂಡಿಗೆ ಹೆಚ್ಚುಕಮ್ಮಿ 6 ಮೀಟರ್ ಓಡುತ್ತಾರೆ. ಅಂದರೆ ಇಡೀ ಜೂಮ್ ತಿರುಗಿಸಲು ನಮಗೆ ಸಿಗುವುದು ನಾಲ್ಕು ಸೆಕೆಂಡೂ ಅಲ್ಲ. ಉಂಗುರವೋ ಒಂದೇ ಮಣಿಕಟ್ಟಿನ ತಿರುವಿಗೆ ಮುಗಿಯುವಂಥದ್ದಲ್ಲ. ಹಾಗಾಗಿ ಬೆನ್ನಟ್ಟುವುದನ್ನು ಬಿಟ್ಟೆ. 400ಕ್ಕೆ ನಿಲ್ಲಿಸಿ, ಮಂಡಿಯೂರಿ, ಎದೆಯ ಬಿಬ್ ನಂಬರಿಗೆ ಫೋಕಸ್ ಕಚ್ಚಿಸಿಕೊಂಡು, ಅವರೇ ಫ್ರೇಮ್ ತುಂಬುವವರೆಗೆ ಬರಲು ಬಿಡುತ್ತೇನೆ. ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಸ್ವಿಚ್, ಅಂದರೆ ಫೋಕಸ್ ಲಿಮಿಟರ್, 6 ಮೀಟರ್‌ನಿಂದಾಚೆಗೆ ಇರಲಿ.

ಶಟರ್ ವೇಗ 1/500 ಸೆಕೆಂಡ್ ಸಾಲದು. ಮುಖ ಚೊಕ್ಕವಾಗಿ ಬಂದರೂ ಬೀಸುವ ಪಾದ ಮಸುಕಾಗುತ್ತದೆ, ಅದರ ವೇಗ ದೇಹಕ್ಕಿಂತ ಹೆಚ್ಚು. 1/1250ರಲ್ಲಿ ಲೇಸಿನ ಗಂಟು, ಗದ್ದದಿಂದ ಉದುರುವ ಬೆವರಿನ ಹನಿ, ಎರಡೂ ಕಾಲು ನೆಲ ಬಿಟ್ಟ ಆ ಕ್ಷಣ ಸಿಗುತ್ತವೆ. ಕೈ ಅಲುಗಾಟ ತಗ್ಗಿಸುವ ವಿಆರ್ ಅನ್ನು ಸ್ಪೋರ್ಟ್‌ನಲ್ಲಿಡಿ, ವ್ಯೂಫೈಂಡರ್ ಎಗರುವುದಿಲ್ಲ.

ಬಿಸಿಲೇರಿದ ಮೇಲೆ ದೂರದ ಟಾರ್ ರಸ್ತೆಯ ಝಳಕ್ಕೆ ಚಿತ್ರ ಕದಡುತ್ತದೆ, ಅದಕ್ಕೆ ಯಾವ ಲೆನ್ಸೂ ಮದ್ದಲ್ಲ. ಹತ್ತಿರದಲ್ಲೇ ತೆಗೆಯಿರಿ.

ನಾನಿದನ್ನು ಮಾರದೆ ಇಟ್ಟುಕೊಂಡಿರುವುದು ಕೊನೆಯ ಕಿಲೋಮೀಟರ್‌ನ ಮುಖಗಳಿಗಾಗಿ. ಕ್ಯಾಮೆರಾ ಪಕ್ಕದಲ್ಲಿದ್ದರೆ ಜನ ನಗುತ್ತಾರೆ, ಕೈ ಬೀಸುತ್ತಾರೆ. ಮೂವತ್ತು ಮೀಟರ್ ಆಚೆಯಿಂದ ತೆಗೆದಾಗ, ಹಲ್ಲು ಕಚ್ಚಿ ಓಡುವ ಅರವತ್ತು ದಾಟಿದ ಹಿರಿಯರೊಬ್ಬರ ಪಟ್ಟು ಹಾಗೆಹಾಗೇ ದಾಖಲಾಗುತ್ತದೆ. ನನಗೆ ಮುಂಚೂಣಿಯವರ ಫೋಟೋಗಿಂತ ಅದೇ ಪ್ರಿಯ.

ನಿಮಗೆ ಬೇಕಿರುವುದು ನಸುಕಿನ ಸ್ಟಾರ್ಟ್ ಲೈನ್ ಮಾತ್ರವಾದರೆ ಇದು ಬೇಡ. 70-200 ಎಫ್/2.8 ಲೆನ್ಸ್ ಇದರ ನಾಲ್ಕು ಪಟ್ಟು ಬೆಳಕು ಕೊಡುತ್ತದೆ, ಅದನ್ನೇ ಕೊಳ್ಳಿ.